ವೈನಿ ಸುತ್ತಿಟ್ಟ ಕಂಡಿಕೆ

ಇದನ್ನು ಹೇಳುವುದನ್ನು ನಾನು ಮುಂದೆ ಹಾಕುತ್ತಲೇ ಬಂದೆ. ಮೊದಲು ಹಿರಿಯರಿದ್ದಾರೆಂದು, ಆಮೇಲೆ ಮಕ್ಕಳು ಸಣ್ಣವರೆಂದು — ಈಗ ನೆವಗಳೂ ಮುಗಿದಿವೆ. ನಮ್ಮ ವೈನಿಯನ್ನು, ತೀರಿಹೋದ ಅಣ್ಣನ ಹೆಂಡತಿಯನ್ನು, ಒಂದೇ ಮಾತಿನಿಂದ ಮನೆ ಬಿಡಿಸಿದವನು ನಾನು.

ಸಂಸ್ಥಾನದ ಕಾಲ. ನಾವು ಬನಹಟ್ಟಿಯ ನೇಕಾರರು. ಮನೆಯಲ್ಲಿ ನೆಲದ ಗುಂಡಿಗಿಳಿದು ನೇಯುವ ಎರಡು ಕುಣಿಮಗ್ಗ — ಒಂದು ಅಣ್ಣನದು, ಒಂದು ನನ್ನದು. ಜಮಖಂಡಿಯಲ್ಲಿ ಹೈಸ್ಕೂಲು ಓದಿ ಬಂದರೂ ನಾನು ಕೊನೆಗೆ ಕುಣಿಗೇ ಇಳಿದಿದ್ದೆ. ವೈನಿ ಪಕ್ಕದಲ್ಲಿ ರಾಟಿಯ ಮುಂದೆ ಕೂತು ಕಂಡಿಕೆ ಸುತ್ತುತ್ತಿದ್ದರು, ಲಾಳಿಯೊಳಗೆ ಹಾಕುವ ನೂಲಿನ ಸುರುಳಿ. ನಮ್ಮಲ್ಲಿ ಕುಣಿಗೆ ಇಳಿದವನೇ ನೇಕಾರ. ಕಂಡಿಕೆ ಸುತ್ತುವುದು ಕಸ ಹೊಡೆದಂತೆ, ಮನೆಗೆಲಸ. ನಾನು ತಲೆ ಎತ್ತದೆ ಕೈ ಚಾಚುತ್ತಿದ್ದೆ. ತುಂಬಿದ ಕಂಡಿಕೆ ಕೈಗೆ ಬರುತ್ತಿತ್ತು. ಅಷ್ಟೇ.

ಅಣ್ಣ ಸತ್ತ ಮರುವರ್ಷ ಅವನ ಮಗ್ಗದ ಮಾತು ಬಂತು. ಕೂಲಿ ನೇಕಾರನನ್ನು ಕೂರಿಸಿ ಇಲ್ಲೇ ಬದುಕುತ್ತೇನೆ ಎಂದರು ವೈನಿ. ನನಗೆ ಎರಡೂ ಮಗ್ಗ ಬೇಕಿದ್ದವು. ಓಣಿಯ ಹಿರಿಯರು ಪಡಸಾಲೆಯಲ್ಲಿ ಕೂತರು.

“ಮಗ್ಗದ ದುಡಿತದಾಗ ಆಕಿ ಕೈ ಐತೇನು? ಇದ್ರ ಮಗ್ಗ ಆಕೀದು” ಎಂದರು ಒಬ್ಬರು.

“ಮೈದುನನ್ನ ಕೇಳ್ರಿ,” ಎಂದರು ಇನ್ನೊಬ್ಬರು. “ಜಮಖಂಡಿ ಸಾಲಿ ಕಲ್ತಾನ, ಸುಳ್ಳ ಹೇಳಾಂಗಿಲ್ಲ. ಹೇಳಿದ್ರೂ ಇಂಗ್ಲಿಷಿನ್ಯಾಗ ಹೇಳ್ತಾನ!”

ಎಲ್ಲರೂ ನಕ್ಕರು. ನಾನೂ ನಕ್ಕೆ. ವೈನಿ ಬಾಗಿಲ ಮರೆಯಲ್ಲಿ ನಿಂತಿದ್ದರು — ನನಗೆ ಕಾಣುತ್ತಿತ್ತು.

“ಇಲ್ರಿ,” ಎಂದೆ. “ಕೂತಲ್ಲೇ ಕಂಡಕಿ ಸುತ್ತತಾರ. ಅದೇನ್ ಕೆಲಸರೀ?”

ವೈನಿಯ ತವರೂರು ರನ್ನ ಬೆಳಗಲಿಯಿಂದ ಅವರ ತಮ್ಮ ಕರೆದೊಯ್ಯಲು ಬಂದ. ಹೊರಡುವ ಮುಂಚೆ ವೈನಿ ರಾಟಿಯ ಮುಂದೆ ಕೂತರು. ನನ್ನ ಮಗ್ಗದ ಮೇಲೆ ಅರ್ಧ ನೇಯ್ದ ಸೀರೆ ಇತ್ತು. ಬುಟ್ಟಿ ತುಂಬಿಸಿ ನನ್ನ ಕೈಗೆಟಕುವಲ್ಲಿ ಇಟ್ಟರು.

“ಈ ಸೀರಿ ಮುಗಿಯೂತನಕ ಸಾಕಾಗ್ತಾವು. ಮುಂದಿಂದು ನೋಡ್ಕೋ ತಮ್ಮಾ.”

ಬೈದಿದ್ದರೆ — ಒಂದು ಮಾತು ಬೈದಿದ್ದರೆ —

ಸೀರೆ ಮುಗಿಯಿತು. ಮುಂದಿನದಕ್ಕೆ ರೂಢಿಯಂತೆ ಕೈ ಚಾಚಿದೆ. ಬುಟ್ಟಿಯ ತಳ ತಾಗಿತು. ನಾನೇ ರಾಟಿಗೆ ಕೂತೆ. ಸಡಿಲು ಸುತ್ತಿದ ನೂಲು ಲಾಳಿಯಲ್ಲಿ ಸಿಕ್ಕಾಗಿ ಹರಿಯುತ್ತಿತ್ತು. ಬಿಗಿ ಹಿಡಿದರೆ ಬೆರಳು ಕೊಯ್ಯುತ್ತಿತ್ತು. ರಾಟಿಗೆ ಕೂತಷ್ಟು ಹೊತ್ತು ಮಗ್ಗ ಸುಮ್ಮನೆ. ಅಣ್ಣನ ಮಗ್ಗಕ್ಕಂತೂ ಧೂಳು ಹಿಡಿಯಿತು. ನನ್ನ ತೋರುಬೆರಳಿನಲ್ಲಿ ಗೆರೆ ಮೂಡಿದಾಗ ನೆನಪಾಯಿತು — ರೊಟ್ಟಿ ಬಡಿಸುವ ವೈನಿಯ ಬೆರಳಿನಲ್ಲಿ ಇಂಥದೇ ಆಳದ ಗೆರೆ ಇತ್ತು. ದಿನವೂ ಕಂಡಿದ್ದೆ. ಏನೆಂದು ಒಮ್ಮೆಯೂ ಕೇಳಿರಲಿಲ್ಲ.

ಮುಂದೊಮ್ಮೆ ಮದುವೆಗೆಂದು ರನ್ನ ಬೆಳಗಲಿಗೆ ಹೋದಾಗ ಅವರ ಅಂಗಳದಲ್ಲಿ ನಿಂತೆ. ತಪ್ಪಾಯಿತೆಂದು ಹೇಳಲೆಂದೇ ಆ ಅಂಗಳಕ್ಕೆ ಹೋಗಿದ್ದೆ. ತಂಬಿಗೆಯಲ್ಲಿ ನೀರು ಕೊಟ್ಟರು.

“ಮಗ್ಗ ಛಲೋ ನಡದಾವೇನ ತಮ್ಮಾ?”

“ಹೂಂ ವೈನಿ.”

ಎರಡನೆಯ ಸುಳ್ಳು. ನೀರು ಕುಡಿದು ತಿರುಗಿ ಬಂದೆ. ಅವರು ಅಲ್ಲೇ ತೀರಿಕೊಂಡರು.

ಈಗ ಕ್ಷಮೆ ಕೊಡುವವರಿಲ್ಲ. ಕೇಳಿ ಹಗುರಾಗುವ ಆಸೆಯೂ ನನಗಿಲ್ಲ. ಅಂದು ಪಡಸಾಲೆಯಲ್ಲಿ ಅವರ ಹೆಸರನ್ನು ಯಾರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಹಿರಿಯರು ಕೇಳಿದ್ದಕ್ಕೆ ಇವತ್ತು ಉತ್ತರ ಹೇಳುತ್ತಿದ್ದೇನೆ — ಕೈ ಇತ್ತು. ಎರಡೂ ಮಗ್ಗದಲ್ಲಿ ಇತ್ತು. ಅವರ ಹೆಸರು ಗೌರವ್ವ.