ಜಹೀರಾಳ ಬ್ರೆಡ್ಡಿನ ಪೆಟ್ಟಿಗೆ

ಕಳಸದ ಪೇಟೆಯಲ್ಲಿ ಮೊಹಿದ್ದೀನ್ ಬೇಕರಿಯ ಬೋರ್ಡು ಇಳಿದು ತಯ್ಯಬ್ ಬೇಕರಿಯ ಬೋರ್ಡು ಏರಿದಾಗ, ಮೊಹಿದ್ದೀನನ ಹೆಂಡತಿ ಜಹೀರಾ ಇನ್ನೂ ಇದ್ದತ್ತಿನಲ್ಲಿದ್ದಳು. ಗಂಡ ಸತ್ತ ಮೇಲಿನ ಆ ನಾಲ್ಕು ತಿಂಗಳು ಹತ್ತು ದಿನ ಹೊಸಿಲು ದಾಟದೆ ಕೂತವಳಿಗೆ ಸುದ್ದಿ ತಲುಪಿದ್ದು ಹಾಲು ತರುವವಳ ಬಾಯಿಂದ. ಇದ್ದತ್ ಮುಗಿದ ಮಾರನೆಯ ಬೆಳಿಗ್ಗೆಯೇ ಅವಳು ಅಂಗಡಿಗೆ ನಡೆದಳು. ಮೈದುನ ತಯ್ಯಬ್ ಗಲ್ಲಾ ಬಿಟ್ಟು ಏಳಲಿಲ್ಲ.

"ಭಾಭಿ, ಅಂಗಡಿ ಈಗ ನನ್ನ ಹೆಸರಲ್ಲಿದೆ. ಅಣ್ಣ ಇದ್ದಾಗಲೇ ಹಾಗೆ ಆಗಿದ್ದು. ನೀವು ಮನೇಲಿ ಕೂತು ಬೀಡಿ ಕಟ್ಟಿ. ಎಲೆ ಬೇಕಾದ್ರೆ ನಾನೇ ಕಳಿಸ್ತೇನೆ" ಎಂದ.

ಚಹಾ ಕುಡಿಯುತ್ತಿದ್ದ ಒಂದಿಬ್ಬರು ನಕ್ಕರು. ಅದೇ ಅಂಗಡಿಯ ಹಿಂದಿನ ಕೋಣೆಯಲ್ಲಿ ಮದುವೆಯಾದಂದಿನಿಂದ ಹಿಟ್ಟು ನಾದಿದವಳು ಜಹೀರಾ. ಅವಳು ಅಲ್ಲಿಂದಲೇ ಮನೆಗೆ ತಿರುಗಿದಳು. ಈ ಗಲ್ಲಾದಿಂದ ಇವನನ್ನು ಇಳಿಸದಿದ್ದರೆ ತಾನು ಮೊಹಿದ್ದೀನನ ಹೆಂಡತಿಯೇ ಅಲ್ಲ ಎಂದು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಹೇಳಿಕೊಂಡು ಬಂದಳು.

ಅವಳ ತಮ್ಮ ಗುಲಾಮ್ ಮುಸ್ತಫಾ ಮೋಟಾರ್ ಸೈಕಲ್ ಮೆಕ್ಯಾನಿಕ್. ಅವನ ಮನೆಯ ಹಿತ್ತಲಲ್ಲಿ ಇಟ್ಟಿಗೆ ಮಣ್ಣು ಸೇರಿಸಿ ಒಲೆ ಕಟ್ಟಿಸಿದಳು. ಬ್ರೆಡ್ಡು, ಬನ್ನು ಮೊದಲ ವಾರದಲ್ಲೇ ಕೈಗೆ ಹತ್ತಿದವು. ಕಷ್ಟವೆಲ್ಲ ಇದ್ದದ್ದು ಅದನ್ನು ಸಾಗಿಸುವುದರಲ್ಲಿ. ಹಿರೇಬೈಲು, ಬಾಳೆಹೊಳೆ ಕಡೆಯ ಎಸ್ಟೇಟುಗಳ ಕೂಲಿಯವರ ಲೈನುಮನೆಗಳಿಗೆ ತಯ್ಯಬನ ಬ್ರೆಡ್ಡು ಬಾಡಿಗೆ ಜೀಪಿನಲ್ಲಿ ಹೋಗುತ್ತಿತ್ತು. ಜೀಪು ಜನ ತುಂಬುವ ತನಕ ಸ್ಟ್ಯಾಂಡು ಬಿಡುತ್ತಿರಲಿಲ್ಲ. ಅಷ್ಟರೊಳಗೆ ತನ್ನ ಬ್ರೆಡ್ಡು ಲೈನು ತಲುಪಬೇಕು ಎಂಬುದು ಜಹೀರಾಳ ಹಟ. ಮುಸ್ತಫಾನ ಹಳೆಯ ರಾಜದೂತ್ ಬೈಕಿಗೆ ಎರಡೂ ಕಡೆ ರೆಕ್ಸಿನ್ ಚೀಲ ಇಳಿಬಿಟ್ಟು ಕಳಿಸಿದಳು.

ಜೂನಿನ ಮೊದಲ ಜಡಿಮಳೆಗೇ ಚೀಲದೊಳಗಿನ ಬ್ರೆಡ್ಡು ಅಂಬಲಿಯಾಯಿತು. ತಯ್ಯಬನ ಬ್ರೆಡ್ಡು ಒಯ್ಯುವ ಜೀಪಿನ ಡ್ರೈವರ್ ಲೈನಿನ ಹೆಂಗಸರ ಎದುರೇ ಒಂದು ತುಂಡು ಹಿಂಡಿ, "ಇದನ್ನ ತಿನ್ನೋದಾ ಕುಡಿಯೋದಾ ಮಾರಾಯ?" ಎಂದನಂತೆ. ತಮ್ಮ ತಲೆ ತಗ್ಗಿಸಿ ಹೇಳಿದ್ದನ್ನು ಕೇಳಿ ಜಹೀರಾ ಅಂದು ಊಟಕ್ಕೆ ಕೂರಲಿಲ್ಲ.

"ಗಾಡಿ ಹಿಂದೆ ಒಂದು ಪೆಟ್ಟಿಗೆ ಬೇಕು. ನಾನೇ ನೋಡಿ ಆರಿಸ್ತೇನೆ" ಎಂದಳು.

ಮುಸ್ತಫಾ ಅವಳನ್ನು ಚಿಕ್ಕಮಗಳೂರಿನ ಆಟೋಮೊಬೈಲ್ ಅಂಗಡಿಯೊಂದಕ್ಕೆ ಕರೆದೊಯ್ದ. ಅಲ್ಲಿ ಬೆಂಗಳೂರಿಂದ ಬಂದ ಬಿಳಿ ಫೈಬರ್ ಪೆಟ್ಟಿಗೆ ಇತ್ತು. ಬೀಗವಿತ್ತು, ಹೊಳಪಿತ್ತು. ಮುಸ್ತಫಾ ಅದನ್ನು ಬಿಟ್ಟು ಅಲುಗಲೇ ಇಲ್ಲ. ಜಹೀರಾ ಕೈಚೀಲದಿಂದ ತನ್ನ ಬ್ರೆಡ್ಡುಗಳನ್ನು ತೆಗೆದು, ಅಂಗಡಿಯವನು ನೋಡುತ್ತಿದ್ದಂತೆಯೇ ಒಂದೊಂದಾಗಿ ಒಳಗಿಟ್ಟಳು. ಅರ್ಧ ಚೀಲ ಖಾಲಿಯಾಗುವ ಮೊದಲೇ ಮುಚ್ಚಳ ಕೂರದಾಯಿತು.

"ಇದು ಸಾಹುಕಾರರು ಟೋಪಿ, ಕನ್ನಡಕ ಇಟ್ಕೊಳ್ಳೋದಕ್ಕೆ. ಈ ದುಡ್ಡಿಗೆ ನಾನು ಎಷ್ಟು ಮೂಟೆ ಮೈದಾ ತರಬಹುದು!" ಎಂದು ಎದ್ದಳು.

ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಚನ್ನಕೇಶವ ಒಂದು ಪ್ಲೈವುಡ್ ಪೆಟ್ಟಿಗೆ ಪುಕ್ಕಟೆ ಕೊಡುತ್ತೇನೆಂದ. ಅಳತೆ ಸರಿಯಾಗಿತ್ತು, ಹಗುರವೂ ಇತ್ತು. ಜಹೀರಾ ಅದನ್ನು ಬೇಕೆಂದೇ ಮಳೆಯಲ್ಲಿ ಇಟ್ಟು ನೋಡಿದಳು. ಮರುದಿನ ಹಲಗೆ ಉಬ್ಬಿ, ಒಳಗಿಂದ ಮುಗ್ಗಲು ವಾಸನೆ ಹೊಡೆಯಿತು. ಹತ್ತಿರವಿದ್ದದ್ದರ ವಾಸನೆಯನ್ನೆಲ್ಲ ಬ್ರೆಡ್ಡು ಹೀರಿಕೊಳ್ಳುತ್ತದೆ. ಪೆಟ್ಟಿಗೆ ಒಲೆಗೆ ಹೋಯಿತು.

ಕೊನೆಗೆ ಇಬ್ಬರೂ ಸಂತೆಬೀದಿಯಲ್ಲಿ ಟ್ರಂಕು ಮಾಡುವ ಗಿಡ್ಡಪ್ಪನಲ್ಲಿಗೆ ಹೋದರು. ಜಿಂಕ್ ಶೀಟಿನ ಪೆಟ್ಟಿಗೆ, ಕೊಡೆಯಂತೆ ಅಂಚು ಕೆಳಗಿಳಿದ ಮುಚ್ಚಳ, ಬಾಯಿಯ ಸುತ್ತ ಹಳೆಯ ಟ್ಯೂಬಿನ ರಬ್ಬರ್ ಪಟ್ಟಿ. ಫೈಬರಿನ ಕಾಲು ಭಾಗದ ಬೆಲೆಗೆ ಅವನು ಒಪ್ಪಿಕೊಂಡ. ಎತ್ತರದ ವಿಷಯಕ್ಕೆ ಅಕ್ಕ ತಮ್ಮಂದಿರಿಗೆ ಜಗಳವಾಯಿತು. ಪೇಟೆಗೆಲ್ಲ ಕಾಣುವಷ್ಟು ಎತ್ತರ ಇರಲಿ ಎಂದು ಅವಳು.

"ಆಪಾ, ಹಿಂದೆ ಭಾರ ಮೇಲೆ ಹೋದ್ರೆ ಏರಿನಲ್ಲಿ ಮುಂದಿನ ಚಕ್ರ ಎದ್ದು ನಿಲ್ತದೆ. ಕಂದಕಕ್ಕೆ ಬೀಳೋನು ನಾನು" ಎಂದ ಮುಸ್ತಫಾ.

ಎತ್ತರದಲ್ಲಿ ಅವಳು ಸೋತಳು, ಬಣ್ಣದಲ್ಲಿ ಸೋಲಲಿಲ್ಲ. ಪೆಟ್ಟಿಗೆಗೆ ಬೆಂಕಿಯಂಥ ಕೆಂಪು ಬಳಿಸಿ, ಹಿಂಬದಿಗೆ ಹಳದಿಯಲ್ಲಿ 'ಮೊಹಿದ್ದೀನ್ ಬ್ರೆಡ್' ಎಂದು ಬರೆಸಿದಳು. ಎಸ್ಟೇಟಿಗೆ ಹೋಗಲು ಒಳದಾರಿ ಇದ್ದರೂ ಪೇಟೆಯಲ್ಲೇ ಹೋಗಬೇಕು, ತಯ್ಯಬನ ಅಂಗಡಿ ಎದುರು ನಿಧಾನ ಮಾಡಿ ಹಾರ್ನ್ ಹೊಡೆಯಬೇಕು ಎಂದು ಕಟ್ಟಪ್ಪಣೆ ಮಾಡಿದಳು.

"ನಂಗೆ ನಾಚಿಕೆ ಆಗ್ತದೆ ಆಪಾ. ಅವ ಏನೂ ಅನ್ನೋದಿಲ್ಲ, ಸುಮ್ನೆ ನೋಡ್ತಾನೆ."

"ನೋಡ್ಲಿ. ಅದಕ್ಕೇ ಬರೆಸಿದ್ದು."

ಆ ಮಳೆಗಾಲ ರಸ್ತೆಗೆ ಮಣ್ಣು ಕುಸಿದು ಜೀಪುಗಳು ನಿಂತವು. ರಾಜದೂತ್ ಮಾತ್ರ ಅಂಚಿನಲ್ಲೇ ನುಸುಳಿಕೊಂಡು ಹೋಯಿತು. ಮುಚ್ಚಳ ತೆಗೆದರೆ ಬ್ರೆಡ್ಡಿನಿಂದ ಇನ್ನೂ ಬಿಸಿ ಹಬೆ ಏಳುತ್ತಿತ್ತು. ಜೀಪು ಇಳಿಯದ ಲೈನುಗಳಿಗೂ ಮುಸ್ತಫಾ ಇಳಿದ. ಮಳೆ ಬಿಟ್ಟ ಮೇಲೂ ಲೈನಿನವರು ಜೀಪಿನ ಬ್ರೆಡ್ಡಿಗೆ ಕೈಚಾಚಲಿಲ್ಲ. ಬಳಿಕ ಪೇಟೆಯ ಹೋಟೆಲಿನವರೂ ಜಹೀರಾಳ ಹಿತ್ತಲಿಗೇ ಬಂದರು. ಒಬ್ಬೊಬ್ಬರು ಬಂದಾಗಲೂ, "ಮೊದಲು ಎಲ್ಲಿ ತಗೊಳ್ತಾ ಇದ್ರಿ?" ಎಂದು ಗೊತ್ತಿದ್ದೂ ಕೇಳುತ್ತಿದ್ದಳು. ಉತ್ತರ ಅವಳಿಗೆ ಸಕ್ಕರೆಯಂತೆ ಇರುತ್ತಿತ್ತು.

ಎರಡನೇ ಮಳೆಗಾಲ ಕಳೆಯುವಷ್ಟರಲ್ಲಿ ತಯ್ಯಬನ ಒಲೆ ಆರಿತು. ಒಂದು ಸಂಜೆ ಅವನು ಹಿತ್ತಲ ಬಾಗಿಲಿಗೆ ಬಂದು ನಿಂತ.

"ಭಾಭಿ, ನನ್ನ ಅಂಗಡಿಗೂ ನಿಮ್ಮ ಬ್ರೆಡ್ಡು ಹಾಕ್ಸಿ. ಮಾರಿ ಕೊಡ್ತೇನೆ."

ಜಹೀರಾ ನಾದುವುದನ್ನು ನಿಲ್ಲಿಸಲಿಲ್ಲ. "ಊರಲ್ಲಿ ಎಲ್ಲರಿಗೂ ಕೊಡ್ತೇನೆ. ನಿಮಗೆ ಕೊಡೋದಿಲ್ಲ."

"ಮಕ್ಕಳಿದ್ದಾರೆ."

"ನಾನು ವಿಧವೆಯಾಗಿ ನಿಮ್ಮೆದುರು ನಿಂತಿದ್ದೆ."

ಮುಸ್ತಫಾ ನಡುವೆ ಬಾಯಿ ಹಾಕಲು ಹೋದ. ಅವಳು ಹಿಟ್ಟಿನ ಕೈ ಎತ್ತಿ ತಡೆದಳು. ತಯ್ಯಬ್ ಹೊರಟುಹೋದ.

ಅವನು ಅಂಗಡಿ ಮಾರಿ, ಭದ್ರಾವತಿಯಲ್ಲಿ ಯಾರದ್ದೋ ಬೇಕರಿಯಲ್ಲಿ ಕೆಲಸಕ್ಕೆ ಸೇರಿದ. ಸಂಸಾರ ಹೊರಡುವ ದಿನ ಅವನ ಹೆಂಡತಿ ಕುಬ್ರಾ ಹೇಳಿಹೋಗಲು ಬಂದಳು. ಅವಳ ಮೇಲೆ ಜಹೀರಾಳಿಗೆ ಎಂದೂ ಸಿಟ್ಟಿರಲಿಲ್ಲ. ದಾರಿಗೆಂದು ಬನ್ನು ಕಟ್ಟಿಕೊಟ್ಟಳು.

"ಈಗ ಸಮಾಧಾನ ಆಯ್ತಾ ಆಪಾ?" ಎಂದು ಕುಬ್ರಾ ಕೇಳಿದಳು. ಆ ದನಿಯಲ್ಲಿ ಚುಚ್ಚುಮಾತಿರಲಿಲ್ಲ.

ಜಹೀರಾ ಯೋಚಿಸಿದಳು. ಸುಳ್ಳು ಹೇಳಬೇಕೆನಿಸಲಿಲ್ಲ. "ಆಯ್ತು" ಎಂದಳು.

ಕುಬ್ರಾ ಪೊಟ್ಟಣವನ್ನು ಸೆರಗಿನಡಿ ಇಟ್ಟುಕೊಂಡು ಬಸ್ಸಿಗೆ ನಡೆದಳು. ಮುಸ್ತಫಾ ಮಾತ್ರ ಬಹಳ ದಿನ ಅಕ್ಕನೊಡನೆ ಮಾತು ಬಿಟ್ಟ. ಬೆಳಿಗ್ಗೆ ಬಂದು ತಲೆ ಎತ್ತದೆ ಬ್ರೆಡ್ಡು ತುಂಬಿಸಿಕೊಂಡು ಹೋಗುತ್ತಿದ್ದ. ಅವಳೂ ಮಾತಾಡಿಸಲು ಹೋಗಲಿಲ್ಲ. ಅವನ ಪಾಲಿನ ಚಹಾವನ್ನು ಒಲೆಯ ಪಕ್ಕದಲ್ಲಿ ಮುಚ್ಚಿಡುತ್ತಿದ್ದಳು. ಅವನು ಅದನ್ನು ಕುಡಿಯುತ್ತಿದ್ದ.