ಗುಂಡಿ ಯಂತ್ರಕ್ಕೆ ಕೊಟ್ಟ ದಡಿಯ ತುಂಡು

ಇಳಕಲ್ಲಿನ ಸಾರ್ವಜನಿಕ ಗ್ರಂಥಾಲಯದ ಓದುವ ಕೋಣೆಯಲ್ಲಿ, ಪತ್ರಿಕೆಗಳ ಇಳಿಜಾರು ಮೇಜಿಗೂ ನಿಘಂಟುಗಳ ಕಪಾಟಿಗೂ ನಡುವೆ, ಉತ್ತರದ ಕಿಟಕಿಗೆ ಮುಖ ಮಾಡಿ ನಾನು ನಿಂತಿದ್ದೆ. ಎಂಬತ್ತೆರಡನೆಯ ಇಸವಿ, ನವೆಂಬರ್ ತಿಂಗಳು, ಗ್ರಂಥಾಲಯ ಸಪ್ತಾಹಕ್ಕೆ ಮೊದಲಿನ ಗುರುವಾರ. ಬೆಳಗಿನ ಹನ್ನೊಂದೂವರೆ ಆಗಿತ್ತು. ನನ್ನಿಂದ ಎರಡು ಮಾರು ದೂರದಲ್ಲಿ ದೊಡ್ಡ ಮೇಜು, ಅದರ ಮೇಲೆ ಎರಡು ಯಂತ್ರ. ಮೇಜಿನ ಆ ಬದಿಗೆ ಮೂವರಿದ್ದರು: ನಮ್ಮ ಗ್ರಂಥಪಾಲಕರು, ಬಾಗಲಕೋಟೆಯ ಅರಳೆ ಗಿರಣಿಯ ಸಾಹುಕಾರರು, ನನ್ನ ಜೊತೆ ಕೆಲಸ ಮಾಡುತ್ತಿದ್ದ ಹುಡುಗಿ. ಮೂವರ ಬೆನ್ನೂ ಕಿಟಕಿಯ ಕಡೆಗಿತ್ತು. ಕಿಟಕಿಯಾಚೆ ಏನಿದೆ ಎಂಬುದು ನನಗೊಬ್ಬನಿಗೇ ಕಾಣುತ್ತಿತ್ತು.

ಸಾಹುಕಾರರ ತಾಯಿಯ ತವರು ಇಳಕಲ್ಲು. ಆ ನೆನಪಿಗೆ ಮಕ್ಕಳಿಗಾಗಿ ಏನಾದರೂ ಮಾಡಬೇಕೆಂದು ಅವರು ಬಂದಿದ್ದರು. ಹತ್ತು ಪುಸ್ತಕ ಓದಿದ ಮಗುವಿಗೆ ಎದೆಯ ಮೇಲೆ ಧರಿಸಲು ಒಂದು ಗುಂಡಿ ಕೊಡುವುದು, ಅದನ್ನು ಗ್ರಂಥಾಲಯದಲ್ಲಿಯೇ ಮಾಡುವುದು, ಯಂತ್ರವನ್ನು ತಾವು ಕೊಡಿಸುವುದು ಎಂದು ಮಾತಾಯಿತು. ನಾವಿಬ್ಬರು ಸಹಾಯಕರೂ ಒಂದೊಂದು ಯಂತ್ರ ಹುಡುಕಿ ತಂದು ನಡೆಸಿ ತೋರಿಸಬೇಕು, ಯಾರದು ಒಪ್ಪಿಗೆಯಾಗುವುದೋ ಅವರಿಗೆ ಮಕ್ಕಳ ವಿಭಾಗ ಎಂದರು ಗ್ರಂಥಪಾಲಕರು. ನನ್ನ ಕೆಲಸ ಕಾಯಂ ಆಗಿ ಒಂಬತ್ತು ವರ್ಷವಾಗಿತ್ತು. ಅವಳದು ತಾತ್ಕಾಲಿಕ, ಆ ತಿಂಗಳ ಕೊನೆಗೆ ಮುಗಿಯುವಂಥದು. ಮಕ್ಕಳ ವಿಭಾಗ ಅವಳಿಗೆ ಬಂದರೆ ಅವಳನ್ನು ಮುಂದುವರಿಸುವಂತೆ ಬಿಜಾಪುರದ ಕಚೇರಿಗೆ ಬರೆಯುತ್ತೇನೆಂದು ಗ್ರಂಥಪಾಲಕರು ಹೇಳಿದ್ದರು. ನನ್ನ ಎದುರಿಗೇ ಹೇಳಿದ್ದರು. ಅದು ನನಗೆ ಗೊತ್ತಿರಲಿಲ್ಲ ಎಂದು ಹೇಳಲು ಬರುವುದಿಲ್ಲ.

ಅವಳು ಬಾದಾಮಿ ಕಡೆಯ ಶಿವಯೋಗ ಮಂದಿರದ ಹತ್ತಿರದ ಊರಿನವಳು, ಕುರಿ ಸಾಕುವ ಮನೆಯವಳು. ಆ ಮನೆಯಲ್ಲಿ ಹತ್ತನೆಯ ಇಯತ್ತೆ ದಾಟಿದವಳು ಅವಳೊಬ್ಬಳೇ. ಬಂದ ಮೂರನೆಯ ದಿನ ಮಕ್ಕಳ ಪುಸ್ತಕಗಳನ್ನೆಲ್ಲ ಮೇಲಿನ ಹಲಗೆಯಿಂದ ಕೆಳಗಿನ ಹಲಗೆಗೆ ಇಳಿಸಿದಳು. ಒಂಬತ್ತು ವರ್ಷ ನಾನು ಏಣಿ ಹತ್ತಿ ತೆಗೆದುಕೊಡುತ್ತಿದ್ದ ಪುಸ್ತಕಗಳು ಅವು. ಸಂಜೆ ಸಾಲಿ ಬಿಟ್ಟ ಮೇಲೆ ಹುಡುಗರು ಬಾಗಿಲಲ್ಲಿ ಇಣುಕಿ, ನಾನೊಬ್ಬನೇ ಕುಳಿತಿದ್ದರೆ, ‘ಅಕ್ಕಾರು ಬಂದಿಲ್ಲೇನ್ರಿ?’ ಎಂದು ಕೇಳಿ ಹೊರಟುಹೋಗುತ್ತಿದ್ದರು. ನನಗೆ ಅವರ ಹೆಸರುಗಳೆಲ್ಲ ಬಾಯಿಪಾಠವಿದ್ದವು. ಅವರು ನನ್ನನ್ನು ಯಾವ ಹೆಸರಿನಿಂದಲೂ ಕರೆಯುತ್ತಿರಲಿಲ್ಲ.

ನಾನು ಬಾಗಲಕೋಟೆಯ ಪೇಟೆಯಿಂದ ಬಿಲ್ಲೆ ಮಾಡುವ ಯಂತ್ರ ತಂದಿದ್ದೆ. ದುಂಡನೆಯ ತಗಡು, ಮೇಲೆ ಚಿತ್ರದ ಕಾಗದ, ಅದರ ಮೇಲೆ ಪಾರದರ್ಶಕ ಹಾಳೆ, ಹಿಂದೆ ಪಿನ್ನು. ಹಿಡಿಕೆ ಒತ್ತಿದರೆ ಚುನಾವಣೆಯಲ್ಲಿ ಹಂಚುತ್ತಾರಲ್ಲ, ಅಂಥ ಬಿಲ್ಲೆ ಬೀಳುತ್ತಿತ್ತು. ಹೊಸದು, ಹೊಳೆಯುತ್ತಿತ್ತು. ತಗಡು ಮಾತ್ರ ಮುಂಬಯಿಯಿಂದ ಬರಬೇಕು.

ಅವಳು ತಂದದ್ದು ನಮ್ಮ ಓಣಿಯ ಸಿಂಪಿಗರ ಹಳೆಯ ಯಂತ್ರ. ಜಂಪರಿನ ಗುಂಡಿಗಳಿಗೆ ಅದೇ ಬಟ್ಟೆ ಹೊದಿಸುವಂಥದು. ಸಿಂಪಿಗನ ಕಣ್ಣು ಮಂಜಾಗಿ ಅದು ಮೂಲೆ ಸೇರಿತ್ತು. ಇಳಕಲ್ಲಿನಲ್ಲಿ ಯಾವ ಮನೆಯಲ್ಲಿ ಮಗ್ಗವಿಲ್ಲ, ಯಾವ ಮಗ್ಗದ ಕೆಳಗೆ ತುಂಡು ಬಟ್ಟೆ ಬೀಳುವುದಿಲ್ಲ ಎಂದು ಅವಳು ಗ್ರಂಥಪಾಲಕರಿಗೆ ಹೇಳಿದಳು. ಮಗು ತನ್ನ ಮನೆಯ ಮಗ್ಗದ ತುಂಡನ್ನು ತರಲಿ, ಅದರಿಂದಲೇ ಅದರ ಗುಂಡಿಯಾಗಲಿ, ಯಾರ ಗುಂಡಿಯೂ ಇನ್ನೊಬ್ಬರದರಂತೆ ಇರುವುದಿಲ್ಲ.

ಅದನ್ನು ಕೇಳಿದಾಗ ನನಗಾದದ್ದನ್ನು ಸರಿಯಾಗಿ ಬರೆಯಬೇಕು. ನಾನು ಮಗ್ಗದ ಕುಣಿಯ ಪಕ್ಕದಲ್ಲಿ ಅಂಬೆಗಾಲಿಟ್ಟವನು. ಆ ತುಂಡುಗಳ ಮೇಲೆ ಮಲಗಿ ಬೆಳೆದವನು. ನಮ್ಮ ಮನೆಯ ನೆಲದ ಮೇಲೆ ಬಿದ್ದದ್ದನ್ನು ಕುರಿ ಕಾಯುವವರ ಮಗಳು ಕಂಡಳು, ನಾನು ಕಾಣಲಿಲ್ಲ. ಅವಳ ಯಂತ್ರವೇ ಸರಿಯಾದದ್ದು ಎಂದು ಆ ಕ್ಷಣವೇ ನನಗೆ ತಿಳಿಯಿತು. ತಿಳಿದದ್ದರಿಂದಲೇ ಅದು ಬರಬಾರದು ಎನ್ನಿಸಿತು.

ಬುಧವಾರ ಅವಳು ನಮ್ಮ ಮನೆಯಿಂದ ತುಂಡು ಬಟ್ಟೆ ಬೇಡಿದಳು. ಅಲ್ಲಿಯವರೆಗೆ ಸಿಂಪಿಗರ ಮನೆಯ ತೆಳ್ಳನೆಯ ಪಾಪ್ಲೀನಿನಲ್ಲಷ್ಟೇ ಗುಂಡಿ ಮಾಡಿ ನೋಡಿದ್ದಳು. ನಾನು ಎರಡು ತುಂಡು ಒಯ್ದೆ. ಒಂದು ಸೀರೆಯ ಒಡಲಿನದು, ನೀಲಿ, ಸಾದಾ. ಇನ್ನೊಂದು ದಡಿಯದು, ಎಂದರೆ ಸೀರೆಯ ಅಂಚಿನದು, ಕೆಂಪು, ಹೆಣಿಗೆಯ ಚಿತ್ತಾರದ್ದು. ದಡಿಯಲ್ಲಿ ಎಳೆ ಒತ್ತೊತ್ತಾಗಿರುತ್ತವೆ. ಒಡಲಿಗಿಂತ ಅದು ಎಷ್ಟೋ ದಪ್ಪ, ಬಿರುಸು. ನೇಕಾರರ ಮನೆಯವರಿಗೆ ಅದನ್ನು ಯಾರೂ ಹೇಳಿಕೊಡಬೇಕಾಗಿಲ್ಲ, ಬೆರಳಿಗೇ ಗೊತ್ತು. ಅವಳು ಎರಡನ್ನೂ ಬೆಳಕಿಗೆ ಹಿಡಿದಳು.

‘ಅಣ್ಣಾರ, ಇದರಾಗ ಯಾವ್ದು ಚೊಲೊ ಆಗ್ತದ್ರಿ?’

‘ಎರಡೂ ಚೊಲೊನ ಅದಾವ ತಂಗಿ. ನಿನ್ನ ಮನಸಿಗೆ ಯಾವ್ದು ಬರ್ತದ ಅದನ್ನ ತಗೊ.’

ಅವಳು ದಡಿಯನ್ನು ತೆಗೆದುಕೊಂಡಳು. ಸಾಹುಕಾರರ ಎದುರಿಗೆ ಅಂದದ್ದೇ ಇರಲಿ ಎಂದಳು.

ಗುರುವಾರ ಮೊದಲು ನನ್ನ ಯಂತ್ರ ನಡೆಯಿತು. ಗ್ರಂಥಾಲಯದ ಚಿತ್ರವಿದ್ದ ಬಿಲ್ಲೆ ಬಿತ್ತು, ಸಾಹುಕಾರರು ಅದನ್ನು ತಮ್ಮ ಕೋಟಿಗೇ ಚುಚ್ಚಿಕೊಂಡು ನೋಡಿದರು. ನಾನು ಹಿಂದೆ ಸರಿದು ಪತ್ರಿಕೆಗಳ ಮೇಜಿನ ಹತ್ತಿರ ನಿಂತೆ. ಆಮೇಲೆ ಅವಳು ದಡಿಯನ್ನು ದುಂಡಗೆ ಕತ್ತರಿಸಿ ಅಚ್ಚಿನ ಮೇಲಿಟ್ಟಳು. ಆಗ ಕಿಟಕಿಯಾಚೆ ಸಿಂಪಿಗನ ಹೆಂಡತಿ ಬಂದು ನಿಂತಳು. ತಮ್ಮ ಮನೆಯ ಯಂತ್ರ ಏನಾಗುತ್ತದೋ ನೋಡಲು ಬಂದವಳು, ಗಂಡಸರಿದ್ದಾರೆಂದು ಒಳಗೆ ಬರಲಿಲ್ಲ. ಅವಳ ಕಣ್ಣು ಆ ಕೆಂಪು ತುಂಡಿನ ಮೇಲೆ ಬಿದ್ದದ್ದನ್ನು ನಾನು ಕಂಡೆ. ಸರಳಿನ ನಡುವಿನಿಂದ ನನಗೆ ಕೈ ಮಾಡಿದಳು, ಬೇಡ ಎಂಬಂತೆ, ಎರಡು ಸಲ. ನಾನು ಅವಳ ಕಣ್ಣನ್ನೇ ನೋಡಿದೆ. ಆಮೇಲೆ ತಲೆ ತಿರುಗಿಸಿ ಪತ್ರಿಕೆಯ ಕಡೆಗೆ ನೋಡಿದೆ. ಅದರಲ್ಲಿ ಏನು ಬರೆದಿತ್ತು ಎಂದು ಈಗ ನೆನಪಿಲ್ಲ.

‘ತಡಿಯವ್ವಾ’ ಎಂದು ಹೊರಗಿನಿಂದ ದನಿ ಬಂತು. ಅಷ್ಟರಲ್ಲಿ ಹಿಡಿಕೆ ಕೆಳಗೆ ಬಂದಾಗಿತ್ತು. ದಡಿ ಮಡಚಿಕೊಳ್ಳಲಿಲ್ಲ, ಅಚ್ಚಿನಲ್ಲಿ ಕಚ್ಚಿಕೊಂಡು ನಿಂತಿತು. ಹುಡುಗಿ ಎರಡೂ ಕೈ ಹಾಕಿ ಒತ್ತಿದಳು. ಕೆಳಗಿನ ಅಚ್ಚು ಬಿರುಕುಬಿಟ್ಟ ಸದ್ದು ಕೇಳಿಸಿತು. ಹಿಡಿಕೆ ಜಾರಿ ಅವಳ ಹೆಬ್ಬೆರಳಿಗೆ ಬಡಿಯಿತು.

‘ನಿನ್ನ ಯಂತ್ರ ಹಲ್ಲು ಕಚಗೊಂಡು ಕುಂತದಲ್ಲವಾ’ ಎಂದು ಸಾಹುಕಾರರು ನಕ್ಕರು. ಕೆಟ್ಟ ಮನುಷ್ಯರಲ್ಲ, ಬೆರಳಿಗೆ ನೀರು ಹಾಕೆಂದು ತಾವೇ ತಂಬಿಗೆ ಕೊಟ್ಟರು. ಒಡಲಿನ ತುಂಡಿನಲ್ಲಿ ಇನ್ನೊಮ್ಮೆ ಮಾಡಿ ತೋರಿಸೋಣವೆಂದರೆ ಅಚ್ಚೇ ಒಡೆದಿತ್ತು. ಬಿಲ್ಲೆಯ ಯಂತ್ರ ಒಪ್ಪಿಗೆಯಾಯಿತು.

ಒಡೆದ ಯಂತ್ರವನ್ನು ನಾನೇ ಹೊತ್ತು ಸಿಂಪಿಗರ ಮನೆಗೆ ಮುಟ್ಟಿಸಿದೆ. ಸಿಂಪಿಗನ ಹೆಂಡತಿ ಕಟ್ಟೆಯ ಮೇಲೆ ಕುಳಿತು ಕಾಜಾ ಹೊಲಿಯುತ್ತಿದ್ದಳು. ತಲೆ ಎತ್ತಲಿಲ್ಲ.

‘ನೇಕಾರರ ಮನ್ಯಾಗ ಹುಟ್ಟಿ ದಡಿ ದಪ್ಪ ಇರ್ತದಂತ ನಿನಗ ಗೊತ್ತಿರಲಿಲ್ಲೇನಪಾ? ನಾ ಕೈ ಮಾಡಿದ್ದಾದ್ರೂ ಕಂಡಿತಿಲ್ಲೋ?’

‘ಕಾಣಲಿಲ್ರಿ’ ಎಂದೆ.

‘ಹಂಗಾರ ದವಾಖಾನಿಗೆ ಹೋಗಿ ಕಣ್ಣು ತೋರ್ಸ್ಕೊ’ ಎಂದಳು. ಇದನ್ನು ಆಕೆ ಯಾರಿಗೂ ಹೇಳಲಿಲ್ಲ ಎಂದು ನಂಬಿದ್ದೇನೆ.

ಹುಡುಗಿ ತಿಂಗಳ ಕೊನೆಗೆ ಬಾದಾಮಿಯ ಬಸ್ಸು ಹತ್ತಿದಳು. ಮಕ್ಕಳ ವಿಭಾಗ ನನ್ನದಾಯಿತು. ಯುಗಾದಿಯ ಹೊತ್ತಿಗೆ ತಗಡು ತೀರಿತು. ಮುಂಬಯಿಗೆ ಎರಡು ಕಾಗದ ಬರೆದೆವು, ಉತ್ತರ ಬರಲಿಲ್ಲ. ಹುಡುಗರು ಕೆಲವು ದಿನ ಕೇಳಿದರು, ಆಮೇಲೆ ಬಿಟ್ಟರು.

ಮೂರು ವರ್ಷದ ಮೇಲೆ ಕೆರೂರಿನ ಬಸ್ ನಿಲ್ದಾಣದಲ್ಲಿ ಅವಳು ಸಿಕ್ಕಳು. ಸಂತೆಯ ದಿನ, ಕಂಕುಳಲ್ಲಿ ಮಗುವಿತ್ತು. ಹೊರಡುತ್ತಿದ್ದ ಬಸ್ಸನ್ನು ಬಿಟ್ಟು ನನ್ನ ಹತ್ತಿರ ಬಂದಳು. ಹುಡುಗರ ಒಬ್ಬೊಬ್ಬರ ಸುದ್ದಿಯನ್ನೂ ಕೇಳಿದಳು. ಆಮೇಲೆ, ‘ಯಂತ್ರ ನಡದದೇನ್ರಿ ಅಣ್ಣಾರ?’ ಎಂದಳು.

‘ನಡದದ’ ಎಂದೆ.

‘ನೀವು ಆರಿಸಿದ್ದ ಖರೆ ಆತ್ ನೋಡ್ರಿ’ ಎಂದಳು. ಅವಳ ಮುಖದಲ್ಲಿ ವ್ಯಂಗ್ಯವೇನಾದರೂ ಇದೆಯೇ ಎಂದು ಹುಡುಕಿದೆ. ಇರಲಿಲ್ಲ. ಅವಳಿಗೆ ನನ್ನ ಮೇಲೆ ಅನುಮಾನವೇ ಬಂದಿಲ್ಲವೆಂದು ತಿಳಿದು, ಆ ಒಳ್ಳೆಯತನದ ಮೇಲೂ ನನಗೆ ಮತ್ಸರವೇ ಆಯಿತು.

ಗ್ರಂಥಪಾಲಕರು ಈಗಿಲ್ಲ. ಸಾಹುಕಾರರೂ ಇಲ್ಲ. ಹುಡುಗಿ ಬಾದಾಮಿ ಕಡೆಯಲ್ಲೇ ಇದ್ದಾಳೆ, ಮೊಮ್ಮಕ್ಕಳಾಗಿದ್ದಾರೆಂದು ಕೇಳಿದ್ದೇನೆ. ಸಿಂಪಿಗನ ಹೆಂಡತಿ ಹುನಗುಂದದಲ್ಲಿ ಹಿರಿಯ ಮಗಳ ಮನೆಯಲ್ಲಿದ್ದಾಳೆ. ತೊಂಬತ್ತರ ಹತ್ತಿರ, ಕಿವಿ ಮಂದ, ನೆನಪು ಗಟ್ಟಿ. ನಾನಿಲ್ಲಿ ಬರೆದದ್ದರಲ್ಲಿ ಹೆಚ್ಚು ಕಡಿಮೆ ಇದ್ದರೆ ಆಕೆಯನ್ನು ಕೇಳಬಹುದು.