ನಾವು ಬೀದಿಗೆ ಬಂದ ಮೇಲೆ

ಬೆಳಿಗ್ಗೆ ಎಳ್ಳು ಹುರಿಯಲೆಂದು ಬಾಣಲೆ ಇಟ್ಟು ಇನ್ನೂ ಸರಿಯಾಗಿ ಕೈಯಾಡಿಸಿರಲಿಲ್ಲ, ತಲೆಯ ಮೇಲಿನ ಹೊಗೆ ಅಲಾರಮ್ಮು ಬಾಯಿ ಬಿಟ್ಟಿತು. ನಮ್ಮ ಮನೆಯಲ್ಲಿ ಒಲೆಗೂ ಹಾಸಿಗೆಗೂ ಹೆಚ್ಚು ದೂರವಿಲ್ಲ. ನನ್ನ ಯಜಮಾನರು ಮಲಗಿದ್ದಲ್ಲಿಂದಲೇ ಎದ್ದು, ಹೊದಿಕೆಯನ್ನು ಅಲಾರಮ್ಮಿನ ಕೆಳಗೆ ಬೀಸಣಿಗೆಯಂತೆ ಬೀಸುತ್ತ, "ಎಳ್ಳ ಹುರೀಲಿಕ್ಕತ್ತೀಯೋ, ಮನಿ ಸುಡ್ಲಿಕ್ಕತ್ತೀಯೋ?" ಎಂದರು. ಕಿಟಕಿಗಳನ್ನೆಲ್ಲ ತೆಗೆದೆವು. ಕಡಲ ಮೇಲಿನ ಚಳಿಗಾಳಿ ಒಳಗೆ ಬಂತು, ಎಳ್ಳಿನ ವಾಸನೆ ಹೊರಗೆ ಹೋಯಿತು, ಪಕ್ಕದವರ ನಾಯಿ ಬೊಗಳಿತು. ಆದರೂ ಸ್ವಲ್ಪ ವಾಸನೆ ನನ್ನ ಮೂಗಿನಲ್ಲಿ ಉಳಿದೇ ಉಳಿಯಿತು. ಅದು ಉಳಿದಷ್ಟು ಹೊತ್ತು ನನಗೆ ಸುಮತಿ ವೈನಿಯದೇ ನೆನಪು.

ವೈನಿಯ ವಿಷಯಕ್ಕೆ ಬರುವ ಮೊದಲು ನಮ್ಮ ಮನೆಯನ್ನು ನಿಮಗೆ ತೋರಿಸಬೇಕು. ಹೆಚ್ಚು ಹೊತ್ತೇನೂ ಹಿಡಿಯುವುದಿಲ್ಲ. ಇದು ಒಂದು ಬಸ್ಸಿನಷ್ಟು ಉದ್ದದ ಮೋಟರ್‌ಹೋಮು. ಮುಂದೆ ಸ್ಟೇರಿಂಗು, ಹಿಂದೆ ಮಂಚ, ನಡುವೆ ಒಲೆ, ಸಿಂಕು, ಮೇಜು, ಒಂದು ಸೋಫಾ, ಮತ್ತೆ ಬಚ್ಚಲು ಎಂದು ಕರೆಯಲು ಧೈರ್ಯ ಬೇಕಾಗುವಂಥ ಒಂದು ಬಚ್ಚಲು. ನಾನು ನಡೆದರೆ ಇವರು ಕೂಡಬೇಕು, ಇವರು ನಡೆದರೆ ನಾನು ಕೂಡಬೇಕು. ಬೇಸಿಗೆಯೆಲ್ಲ ಉತ್ತರದ ಗುಡ್ಡಗಾಡುಗಳಲ್ಲಿ ತಿರುಗುತ್ತೇವೆ. ಅಲ್ಲಿ ಹಿಮ ಬೀಳುವ ಸೂಚನೆ ಸಿಕ್ಕ ಕೂಡಲೇ ಇಳಿದು ಕ್ಯಾಲಿಫೋರ್ನಿಯಾದ ಹಾಫ್ ಮೂನ್ ಬೇ ಕಡೆಯ ಕಡಲಂಚಿಗೆ ಬಂದು, ಇಂಥ ಗಾಡಿಗಳಿಗೆಂದೇ ಇರುವ ಪಾರ್ಕಿನಲ್ಲಿ ಜಾಗ ಹಿಡಿಯುತ್ತೇವೆ.

ನಾನು ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಒಂದು ಲ್ಯಾಬಿನಲ್ಲಿ ಕೆಲಸಕ್ಕಿದ್ದವಳು. ಮನೆ ಸಾಂಟಾ ಕ್ಲಾರಾದಲ್ಲಿ. ಅರ್ಧ ಆಯುಷ್ಯ ಫ್ರೀವೇ ಮೇಲೆ, ಕಾರಿನಲ್ಲೇ ಕಳೆಯಿತು. ಹಾಗೆ ಗಾಲಿಗಳನ್ನು ಬೈದುಕೊಂಡೇ ಬದುಕಿದ ಹೆಂಗಸು ನಿವೃತ್ತಳಾದ ಮೇಲೆ ಗಾಲಿಗಳ ಮೇಲೆಯೇ ಮನೆ ಮಾಡಿಕೊಂಡಳು ಎಂದರೆ ನೀವು ನಗಬಹುದು, ನಾನೂ ನಗುತ್ತೇನೆ. ಆಸೆ ಇವರದು. ಉಗುರಿನಷ್ಟು ಕಂಪ್ಯೂಟರ್ ಚಿಪ್ಪಿನೊಳಗೆ ಒಂದು ಊರಿನಷ್ಟು ದಾರಿಗಳನ್ನು ಹೆಣೆಯುತ್ತಿದ್ದ ಮನುಷ್ಯ, ಒಂದು ಸಂಸಾರವನ್ನು ಬಸ್ಸಿನೊಳಗೆ ತುಂಬಿಸುವುದೇನು ಮಹಾ ಎಂದು ಹೊರಟರು. ತುಂಬಿಸಿದರು ಕೂಡ. ನನ್ನ ರೇಷ್ಮೆ ಸೀರೆಗಳು ಮಾತ್ರ ಮಗಳ ಮನೆಯ ಪಾಲಾದವು.

ಆಗ ಸಿಟ್ಟಾದವರು ಸುಮತಿ ವೈನಿ. ವೈನಿ ಎಂದರೆ ಅತ್ತಿಗೆ, ಆದರೆ ನೆಂಟರಲ್ಲ. ನಮ್ಮ ಬೀದಿಯಲ್ಲೇ ಮಗ ಸೊಸೆಯ ಜೊತೆ ಇದ್ದ ಧಾರವಾಡದ ಹಿರಿಯರು. ನನಗೆ ಕುಸುರೆಳ್ಳು ಮಾಡಲು ಕಲಿಸಿದವರೂ ಅವರೇ. ಸಣ್ಣ ಉರಿಯ ಮೇಲೆ ಎಳ್ಳಿಗೆ ಚೂರುಚೂರೇ ಸಕ್ಕರೆ ಪಾಕ ಬಿಡುತ್ತ, ಬೆರಳಾಡಿಸುತ್ತ, ಒಂದೊಂದು ಕಾಳಿಗೂ ಮುಳ್ಳು ಮೂಡುವವರೆಗೆ ಕಾಯುವ ಕೆಲಸ ಅದು. ನನಗೆ ಮುಳ್ಳು ಮೂಡುವ ಬದಲು ಉಂಡೆಯಾಗುತ್ತಿತ್ತು. "ನಿನಗ ಗಡಿಬಿಡಿ ಭಾಳ. ಎಲ್ಲಾ ಆ ಫ್ರೀವೇದ ಚಟ" ಎನ್ನುತ್ತಿದ್ದರು. ಪ್ರತಿ ಸಂಕ್ರಾಂತಿಗೂ ನಮ್ಮ ಮನೆಯಲ್ಲಿ ನಾಲ್ಕಾರು ಕುಟುಂಬಗಳು ಸೇರುತ್ತಿದ್ದವು, ಬಾಗಿಲಲ್ಲಿ ನಿಂತು ಎಲ್ಲರನ್ನೂ ಒಳಗೆ ಕರೆಯುತ್ತಿದ್ದವರು ಮಾತ್ರ ವೈನಿ.

ಮನೆ ಮಾರಿದ ಸುದ್ದಿ ಹೇಳಲು ಹೋದಾಗ ಅವರು ಕೈಯಲ್ಲಿದ್ದ ಚಹಾ ಕೆಳಗಿಟ್ಟರು.

"ಅಲ್ಲವಾ, ಸಾಲ ಇಲ್ಲ, ಸೋಲ ಇಲ್ಲ, ಇದ್ದ ಮನಿ ಮಾರಿ ಬೀದಿಗೆ ಬಂದ್ರಿ?"

"ಬೀದಿಗಲ್ಲ ವೈನಿ, ಅದರಾಗ ಅಡಗಿಮನಿ, ಬಚ್ಚಲಾ ಎಲ್ಲಾ ಅದ. ನೀವ ಬಂದು ನೋಡ್ರಿ."

"ಆ ಬಂಡಿಯೊಳಗ ನಾ ಕಾಲಿಡಂಗಿಲ್ಲ. ನಾಳೆ ನಿನ್ನ ನೋಡಬೇಕನಿಸಿದರ ಯಾವ ಬಾಗಲಾ ಬಡೀಲಿ ನಾನು?"

ಕೊನೆಯ ಮಾತು ಹೇಳುವಾಗ ಅವರ ದನಿ ಸ್ವಲ್ಪ ಬದಲಾಯಿತು. ಅದು ಸಿಟ್ಟಲ್ಲ ಎಂಬುದು ನನಗೆ ಗೊತ್ತಾಯಿತು.

ಮೊದಲ ಚಳಿಗಾಲ ಮಳೆಯಲ್ಲಿ ಹೋಯಿತು. ಕ್ಯಾಲಿಫೋರ್ನಿಯಾದಲ್ಲಿ ಮಳೆಯೇ ಇಲ್ಲ ಎಂದು ಯಾರಾದರೂ ಹೇಳಿದರೆ ಅವರನ್ನು ನನ್ನ ಹತ್ತಿರ ಕಳಿಸಿ. ಬೆಳಗಾದರೆ ಕಿಟಕಿಗಳು ಒಳಗಿನಿಂದ ಬೆವರುತ್ತಿದ್ದವು, ಒರೆಸಿದ ಟವೆಲು ಒಣಗುತ್ತಿರಲಿಲ್ಲ. ಗಾಳಿ ಬೀಸಿದರೆ ಇಡೀ ಮನೆ ತೊಟ್ಟಿಲಿನಂತೆ ತೂಗುತ್ತಿತ್ತು. ಶೌಚದ ತೊಟ್ಟಿ ಖಾಲಿ ಮಾಡುವ ದಿನ ಇವರು ರಬ್ಬರ್ ಗ್ಲೌಸು ತೊಟ್ಟು ಆಪರೇಷನ್ನಿಗೆ ಹೊರಟ ಸರ್ಜನ್ನಿನಂತೆ ಗಂಭೀರರಾಗುತ್ತಿದ್ದರು. ಆದರೂ ಸುಳ್ಳೇಕೆ ಹೇಳಲಿ, ಸುಖವಿತ್ತು. ಮಳೆ ನಿಂತ ಮಧ್ಯಾಹ್ನ ಬಾಗಿಲು ತೆಗೆದರೆ ಎದುರಿಗೇ ಕಡಲು. ಬಿಸಿ ರೊಟ್ಟಿ ನೇರ ಇವರ ತಟ್ಟೆಗೆ. ಕೆಲಸಕ್ಕೆ ಹೋಗುವ ವರ್ಷಗಳಲ್ಲಿ ನಾವಿಬ್ಬರೂ ಕ್ಯಾಲೆಂಡರು ನೋಡಿ ಮಾತಾಡಿಕೊಂಡವರು. ಇವರು ಒಬ್ಬರೇ ಇದ್ದಾಗ ಸಣ್ಣಗೆ ಹಾಡಿಕೊಳ್ಳುತ್ತಾರೆ ಎಂಬುದು ನನಗೆ ತಿಳಿದದ್ದೇ ಈ ಗಾಡಿಗೆ ಬಂದ ಮೇಲೆ.

ಕೊರತೆ ಒಂದೇ. ಯಾರೂ ಬರುತ್ತಿರಲಿಲ್ಲ. ಗೆಳೆಯರೆಲ್ಲ ಗುಡ್ಡದ ಆಚೆ, ಮೌಂಟನ್ ವ್ಯೂ, ಸಾಂಟಾ ಕ್ಲಾರಾಗಳಲ್ಲಿ. ಮಳೆಯಲ್ಲಿ ಗುಡ್ಡ ದಾಟಿ ಬಂದು ಬಸ್ಸಿನೊಳಗೆ ಮೊಣಕಾಲು ತಾಗಿಸಿಕೊಂಡು ಯಾರು ಕೂತಾರು? ಆ ಸಂಕ್ರಾಂತಿಗೆ ನಾವಿಬ್ಬರೇ ಒಬ್ಬರಿಗೊಬ್ಬರು ಎಳ್ಳು ಕೊಟ್ಟುಕೊಂಡೆವು.

ಮರುವರ್ಷ ವೈನಿ ಬಚ್ಚಲಲ್ಲಿ ಜಾರಿ ಬಿದ್ದರು. ಸೊಂಟದ ಆಪರೇಷನ್ ಆಯಿತು. ನಾವು ಉತ್ತರದ ಗುಡ್ಡಗಾಡಿನಿಂದ ಇಳಿದು ಬಂದಾಗ ಅವರು ಮನೆಯಲ್ಲಿದ್ದರು. ಹಣ್ಣು ತೆಗೆದುಕೊಂಡು ನೋಡಲು ಹೋದೆ. ಅಲ್ಲಿ ಆಗಲೇ ಬೇರೆಯವರು ತಂದ ಹಣ್ಣು ಕೊಳೆಯುತ್ತಿದ್ದವು. "ಬಂದ್ಯಾ? ಕೂಡು" ಎಂದರು, ಅಷ್ಟೇ. ಸೊಸೆ ಅನುಷಾ ಬೆಂಗಳೂರಿನ ಹುಡುಗಿ, ನನ್ನನ್ನು ಬಾಗಿಲವರೆಗೆ ಕಳಿಸಲು ಬಂದಾಗ ಕಣ್ಣು ತುಂಬಿಕೊಂಡಳು. "ಆಂಟಿ, ಡಾಕ್ಟರ್ ಅಪಾಯಿಂಟ್‌ಮೆಂಟು ಬಿಟ್ರೆ ಅತ್ತೆ ಆಚೆ ಬರೋದೇ ಇಲ್ಲ. ವಾಕರ್ ಹಿಡ್ಕೊಂಡು ಚೆನ್ನಾಗೇ ನಡೀತಾರೆ. ಆದ್ರೆ ಯಾರ ಮನೆಗೆ ಕರೆದ್ರೂ, ನನ್ನನ್ನ ಲಗೇಜಿನ ಥರ ಹೊತ್ಕೊಂಡು ಹೋಗಬೇಡಿ ಅಂತಾರೆ."

ಇದನ್ನೆಲ್ಲ ಇವರಿಗೆ ಹೇಳಿದೆ. ಸಂಕ್ರಾಂತಿ ಹತ್ತಿರ ಬಂತು. ಎಳ್ಳು ಹೋಳಿಗೆ ಮಾಡುತ್ತ, ಇಷ್ಟನ್ನು ತಿನ್ನುವವರು ಯಾರು ಎಂದು ನಾನು ಗೊಣಗುತ್ತಿದ್ದಾಗ ಇವರು ಮೇಜಿನ ಆ ಬದಿಯಿಂದ ಅಂದರು, "ವೈನಿ ನಮ್ಮ ಮನಿಗೆ ಬರಂಗಿಲ್ಲಂದ್ರ ಏನಾತು? ನಮ್ಮ ಮನೀನ ಅವರ ಬಾಗಲಕ್ಕ ಹೋಗ್ಲಿ."

ಮರುದಿನ ಬೆಳಿಗ್ಗೆ ನೀರಿನ ಪೈಪು, ಕರೆಂಟಿನ ತಂತಿ ಎಲ್ಲ ಬಿಚ್ಚಿ ಹೊರಟೆವು. ಗುಡ್ಡದ ತಿರುವುಗಳಲ್ಲಿ ಡಬ್ಬಿಗಳು ಆ ಕಡೆಯಿಂದ ಈ ಕಡೆಗೆ ಜಾರಾಡಿದವು. ಹೋಳಿಗೆ ಡಬ್ಬಿಯನ್ನು ನಾನು ಮಗುವಿನಂತೆ ಮಡಿಲಲ್ಲಿ ಹಿಡಿದಿದ್ದೆ. ನಮ್ಮ ಹಳೆಯ ಬೀದಿಗೆ ತಿರುಗಿದಾಗ ಮರದ ಕೊಂಬೆಯೊಂದು ಛಾವಣಿಯನ್ನು ಉದ್ದಕ್ಕೂ ಗೀರಿತು, ಇವರು ಹಲ್ಲು ಕಚ್ಚಿದರು. ಅಂತೂ ವೈನಿಯ ಮನೆಯ ಮುಂದೆ ಗಾಡಿ ನಿಲ್ಲಿಸಿ, ಒಲೆ ಹಚ್ಚಿ ಚಹಾಕ್ಕೆ ನೀರಿಟ್ಟು, ನಾನು ಒಳಗೆ ಹೋದೆ.

"ವೈನಿ, ಎಳ್ಳ ಹೋಳಿಗಿ ಮಾಡೀನಿ. ಕರೀಲಿಕ್ಕೆ ಬಂದೀನಿ. ನಮ್ಮ ಮನಿಗೆ ಬರ್ರಿ."

"ಎಲ್ಲೆ ಅದ ನಿಮ್ಮ ಮನಿ?"

"ಹೊರಗ ನಿಂತದ."

ವೈನಿ ಪರದೆ ಸರಿಸಿ ನೋಡಿದರು. ಬಹಳ ಹೊತ್ತು ನೋಡಿದರು. ಬೇಡ ಎನ್ನುತ್ತಾರೆ ಎಂದುಕೊಂಡು ನಾನು ಮಾತು ಹುಡುಕುತ್ತಿದ್ದೆ. ಅವರು ಸೊಸೆಯ ಕಡೆ ತಿರುಗಿ, "ಅನುಷಾ, ಆ ಹಸರ ಸೀರಿ ತೆಗಿ. ಗೌನಿನ ಮ್ಯಾಲೆ ಯಾರರೆ ಒಬ್ಬರ ಮನಿಗೆ ಹೋಗ್ತಾರೇನು?" ಎಂದರು.

ಸೀರೆಗೆ ಹೊತ್ತು ಹಿಡಿಯಿತು. ಬರಿಗೈಯಲ್ಲಿ ಬರಲಾರೆ ಎಂದು ಶೇಂಗಾ ಚಟ್ನಿ ಪುಡಿ ಕಟ್ಟಿಸಿಕೊಂಡರು. ವಾಕರ್ ಹಿಡಿದು ಗಾಡಿಯವರೆಗೆ ಬಂದು, ಮೆಟ್ಟಿಲ ಮುಂದೆ ನಿಂತುಬಿಟ್ಟರು. ನಮ್ಮ ಗಾಡಿಯ ಮೆಟ್ಟಿಲು ಇಕ್ಕಟ್ಟು. ಬಿದ್ದಾಗಿನಿಂದ ಅವರು ಮೆಟ್ಟಿಲು ಹತ್ತಿರಲಿಲ್ಲ. ಇವರು ಒಂದು ಅಗಲ ಮಣೆಯನ್ನು ತಂದು ಕೆಳಗಿಟ್ಟು, ಅಲುಗಾಡದಂತೆ ತಾವೇ ಕೂತು ಎರಡೂ ಕೈಯಿಂದ ಹಿಡಿದರು. ನಾನು ಒಳಗಿನಿಂದ ಕೈ ಚಾಚಿದೆ.

"ನನ್ನ ಹಿಡೀಬ್ಯಾಡ" ಎಂದರು ವೈನಿ. "ಬಾಗಲಾ ಹಿಡಿ."

ಬಾಗಿಲು ಹಿಡಿದುಕೊಂಡೆ. ಒಂದು ಮೆಟ್ಟಿಲಿಗೂ ಇನ್ನೊಂದಕ್ಕೂ ನಡುವೆ ಅವರು ಉಸಿರು ತೆಗೆದುಕೊಳ್ಳುವುದು ಕೇಳಿಸುತ್ತಿತ್ತು. ಅನುಷಾ ಹಿಂದೆ ವಾಕರ್ ಹಿಡಿದು ನಿಂತಿದ್ದಳು. ಕೊನೆಗೆ ವೈನಿ ಒಳಗೆ ಬಂದರು, ಸೋಫಾದ ಮೇಲೆ ಕೂತರು, ಸೆರಗು ಸರಿಮಾಡಿಕೊಂಡು ಸುತ್ತ ನೋಡಿದರು.

"ಬಂದವರಿಗೆ ನೀರು ಕೊಡೂ ಪದ್ಧತಿ ಇಲ್ಲೇನು ನಿಮ್ಮ ಮನ್ಯಾಗ?"

ನೀರು ಕೊಟ್ಟೆ. ಆಮೇಲೆ ತಪಾಸಣೆ ನಡೆಯಿತು. ದೇವರು ಎಲ್ಲಿ, ಒಲೆಗೆ ಗ್ಯಾಸು ಎಲ್ಲಿಂದ, ಈ ಕಪಾಟು ಯಾಕೆ ತೆಗೆಯುವುದಿಲ್ಲ. ನಾನು ಮಾಡಿದ ಕುಸುರೆಳ್ಳು ಬಾಯಿಗೆ ಹಾಕಿಕೊಂಡು, "ಈ ಸಲ ಮುಳ್ಳು ಬಂದಾವ" ಎಂದರು. ಹೋಳಿಗೆಗೆ ಇನ್ನಷ್ಟು ತುಪ್ಪ ಕೇಳಿದರು. ಚಹಾ ಕುಡಿಯುತ್ತ ಕಿಟಕಿಯಿಂದ ತಮ್ಮದೇ ಮನೆಯನ್ನು ನೋಡಿ, "ಇಲ್ಲಿಂದ ನೋಡಿದರ ಎಷ್ಟ ಸಣ್ಣದು ಕಾಣಸ್ತದ" ಎಂದರು. ಲೋಟ ನೋಡುತ್ತ ಮತ್ತೆ ಹೇಳಿದರು:

"ಬಿದ್ದಾಗಿಂದ ಎಲ್ಲಾರೂ ನನ್ನ ನೋಡ್ಲಿಕ್ಕೆ ಬಂದ್ರವಾ. ಬಾ ಅಂತ ಕರದವರ ಮನಿಗೆ ಹೋಗಿದ್ರೂ ನನ್ನ ಕಾಯ್ಕೋತನೇ ಕೂಡ್ತಿದ್ರು. ಇವತ್ತ ನಾ ಒಬ್ಬರ ಮನಿಗೆ ಬಂದೀನಿ."

ನಾನು ಒಲೆಯ ಕಡೆ ತಿರುಗಿ, ಆಗಲೇ ಕುದಿದ ಚಹಾವನ್ನು ಮತ್ತೊಮ್ಮೆ ಕುದಿಸಿದೆ. ಹೊರಡುವಾಗ ಅವರು ಮೆಟ್ಟಿಲ ಕೆಳಗೆ ನಿಂತು, ಎದುರಿಗೇ ತೆರೆದಿದ್ದ ತಮ್ಮ ಬಾಗಿಲನ್ನು ತೋರಿಸಿ, ಶಿಸ್ತಾಗಿ, ದೂರದ ಊರಿನವರಂತೆ ಹೇಳಿದರು: "ಆತು, ಇನ್ನ ನೀವೂ ನಮ್ಮ ಮನಿಗೆ ಬರ್ರಿ." ಹೋದೆವು. ಸಂಜೆವರೆಗೂ ಅಲ್ಲೇ ಇದ್ದೆವು.

ಇದು ಹೋದ ವರ್ಷದ ಮಾತು. ಇವತ್ತು ಇಷ್ಟನ್ನು ಬರೆಯುತ್ತಿರುವಾಗ ಫೋನು ಬಂತು. ವೈನಿಯೇ. ನಾಡಿದ್ದಿನ ಹಬ್ಬಕ್ಕೆ ಗಾಡಿ ಅವರ ಮನೆಯ ಮುಂದೆ ಸುಮ್ಮನೆ ನಿಂತರೆ ಸಾಲದಂತೆ. ಮೌಂಟನ್ ವ್ಯೂದಲ್ಲಿ ಅವರ ಹಳೆಯ ಗೆಳತಿಯೊಬ್ಬರು ಮೊಣಕಾಲು ನೋವೆಂದು ಮನೆ ಬಿಟ್ಟು ಹೊರಬರುತ್ತಿಲ್ಲವಂತೆ. "ಅಕಿನ್ನ ಕರೀಲಿಕ್ಕೆ ನಾನ ಒಳಗ ಹೋಗ್ತೀನಿ, ನೀ ಬಾಗಲಾ ಹಿಡ್ಕೊಂಡು ನಿಂತರ ಸಾಕು" ಎಂದರು. ಇಷ್ಟು ಹೇಳಿ ಫೋನು ಇಡಲಿಲ್ಲ. "ಮತ್ತ ನೋಡು, ಹಿಂದ ಕೂತರ ನನಗ ತಲಿ ತಿರಗ್ತದ. ಮುಂದಿನ ಸೀಟು ನನಗ ಬೇಕು."

ಮುಂದಿನ ಸೀಟು ಎಂದರೆ ಡ್ರೈವರಿನ ಪಕ್ಕದ್ದು, ಈ ಮನೆಯ ಒಡತಿಯದು. ಅದರ ಮೇಲೆ ಹರಡಿದ್ದ ನನ್ನ ಶಾಲು, ಕನ್ನಡಕ, ಅರ್ಧ ಹೆಣೆದ ಸ್ವೆಟರು ಎಲ್ಲ ಎತ್ತಿ ಹಿಂದಿನ ಸೋಫಾಕ್ಕೆ ಸಾಗಿಸಿದ್ದೇನೆ. ಅಲ್ಲಿಂದ ರಸ್ತೆ ಅಷ್ಟಾಗಿ ಕಾಣುವುದಿಲ್ಲ. ಪರವಾಗಿಲ್ಲ, ಎಲ್ಲಿಗೆ ಬಂದೆವು ಎಂದು ವೈನಿ ಹೇಳುತ್ತಾರೆ.